ಐದನೆಯ ತಟ್ಟೆ

ಟಕ್, ಟಕ್.

ಚಾಮಯ್ಯ ರಸ್ಕನ್ನು ಮೇಜಿನ ಅಂಚಿಗೆ ಎರಡು ಸಲ ಬಡಿದ. ತಿರುಗಿಸಿ ಅದರ ಅಡಿಯನ್ನು ನೋಡಿದ. ಆಮೇಲೆ ಕಾಫಿಗೆ ಅದ್ದಿ ಬಾಯಿಗಿಟ್ಟುಕೊಂಡ.

ಮೂಲೆಯ ಬೆಂಚಿನಲ್ಲಿ ಕೂತಿದ್ದ ಗಂಗಾಧರಸ್ವಾಮಿಗಳು ಮೆಲ್ಲಗೆ ಶಿವಾ ಎಂದರು. ರಸ್ಕು ಬೆಳಗ್ಗೆ ತಾನೇ ಬೇಕರಿಯಿಂದ ಬಂದದ್ದು, ಇನ್ನೂ ಬಿಸಿ ಆರಿರಲಿಲ್ಲ. ಅದರಲ್ಲಿ ಹುಳು ಎಲ್ಲಿಂದ ಬರಬೇಕು? ಆದರೂ ಈ ಮನುಷ್ಯ ಮೂರು ದಿನದಿಂದ ಒಂದು ಹೊತ್ತೂ ತಪ್ಪದೆ ಹುಳು ಉದುರಿಸಿಯೇ ತಿನ್ನುತ್ತಿದ್ದ.

ನಂಜನಗೂಡಿನ ಮಲ್ಲಾಜಮ್ಮನ ಮೆಸ್ಸಿನಲ್ಲಿ ಚಾಮಯ್ಯ ಇಪ್ಪತ್ತೆರಡು ವರ್ಷದಿಂದ ಅಡುಗೆಯವನು. ಊರು ತಗಡೂರು, ಮೈಸೂರು ದಾಟಿ ಹೋದವನಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ನಿನ್ನೆ ಸ್ವಾಮಿಗಳು ತಗಡೂರಿಗೇ ಹೋಗಿ ಬಂದಿದ್ದರು. ಅಲ್ಲಿಯ ಹಿರಿಯರು ಬೇರೆಯದೇ ಮಾತು ಹೇಳಿದ್ದರು. ಚಾಮ ಹದಿನಾರನೆಯ ವಯಸ್ಸಿಗೆ ಲಾರಿ ಹತ್ತಿ ಹೋದ, ತಲೆ ನರೆತವನೊಬ್ಬ ನಾನೇ ಚಾಮ ಎಂದುಕೊಂಡು ವಾಪಸು ಬಂದ, ನಡುವೆ ಎಲ್ಲಿದ್ದನೋ ಆ ನಂಜುಂಡನಿಗೇ ಗೊತ್ತು.

ಗಂಗಾಧರಸ್ವಾಮಿಗಳು ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಜಂಗಮರ ಮನೆತನದವರಾದ್ದರಿಂದ ಊರಿಗೆಲ್ಲ ಅವರು ಐನೋರು. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುವವರಲ್ಲ. ಉಂಡ ಮೇಲೆ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವವರು. ಅನ್ನದ ಮುಂದೆ ಹೀಗೆ ತಲೆಬಾಗಿ ಕೂತು ಕೂತು ಅವರಿಗೆ ಒಂದು ವಿಷಯ ಮನದಟ್ಟಾಗಿತ್ತು. ಬಾಯಲ್ಲಿ ಸುಳ್ಳು ಹೇಳುವವರನ್ನು ಸ್ಟೇಷನ್ನಿನಲ್ಲಿ ಲೆಕ್ಕವಿಲ್ಲದಷ್ಟು ನೋಡಿದ್ದರು. ಉಣ್ಣುವ ಕೈಯಲ್ಲಿ ಸುಳ್ಳು ಹೇಳಿದವರನ್ನು ಒಬ್ಬರನ್ನೂ ನೋಡಿರಲಿಲ್ಲ.

ಹೋದ ವಾರ ಮಂಗಳೂರಿನ ಹಳೇ ಬಂದರಿನಲ್ಲಿ ಅವರಿಗೆ ಒಬ್ಬ ಮುದಿ ತಂಡೇಲ ಸಿಕ್ಕಿದ್ದ. ತಂಡೇಲನೆಂದರೆ ಮಂಜಿಯ ಯಜಮಾನ; ಮಂಜಿಯೆಂದರೆ ಹೆಂಚು ಹೇರಿಕೊಂಡು ಬೊಂಬಾಯಿಗೆ ಹೋಗುತ್ತಿದ್ದ ಹಾಯಿಹಡಗು. ಅವನು ಬೀಡಿ ಹಚ್ಚಿಕೊಂಡು ಒಂದು ಮಧ್ಯಾಹ್ನವೆಲ್ಲ ಹಡಗಿನ ಊಟದ ಕಥೆ ಹೇಳಿದ್ದ. ಎರಡು ಸಲ ಸುಟ್ಟ ಗಟ್ಟಿ ರೊಟ್ಟಿಯ ಮೂಟೆ, ಉಪ್ಪು ಹಾಕಿ ಒಣಗಿಸಿದ ಮೀನು, ಕೊನೆಯ ವಾರಕ್ಕೆ ವಾಸನೆ ಬರುವ ಪೀಪಾಯಿ ನೀರು. ರೊಟ್ಟಿಗೆ ಹುಳು ಹತ್ತುತ್ತಿತ್ತು. ಹಲಗೆಗೆ ಎರಡು ಸಲ ಬಡಿದರೆ ಹುಳು ಉದುರುತ್ತಿತ್ತು. ಕಡಲು ಬಿಟ್ಟು ಮೂವತ್ತು ವರ್ಷವಾದರೂ ನನ್ನ ಕೈ ಅದನ್ನು ಬಿಟ್ಟಿಲ್ಲ ಎಂದು ಮುದುಕ ನಕ್ಕಿದ್ದ.

ಚಾಮಯ್ಯ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿಯೇ ಊಟಕ್ಕೆ ಕೂರುತ್ತಿದ್ದ, ಮಲ್ಲಾಜಮ್ಮನ ಮೇಜು ಎಲ್ಲೋ ಜಾರಿಕೊಂಡು ಹೋಗಿಬಿಡುತ್ತದೆ ಎನ್ನುವ ಹಾಗೆ. ಲೋಟಕ್ಕೆ ಅರ್ಧಕ್ಕಿಂತ ಮೇಲೆ ನೀರು ಬಗ್ಗಿಸುತ್ತಿರಲಿಲ್ಲ. ನೆಲ ಅಲುಗಾಡದ ಊರಿನಲ್ಲಿ ಇದೆಲ್ಲ ಯಾಕೆ?

ಉಳಿದಿದ್ದದ್ದು ಗಂಟಿನ ವಿಚಾರ. ಅದೂ ಆ ಬೆಳಗ್ಗೆ ಬಿಚ್ಚಿಕೊಂಡಿತು. ಮೆಸ್ಸಿಗೆ ಬಾಳೆ ಎಲೆ ತಂದು ನೀರು ಸೇದುವ ರಾಚಯ್ಯನ ಮೇಲೆ ಸ್ವಾಮಿಗಳಿಗೆ ಮೊದಲ ದಿನದಿಂದಲೇ ಅನುಮಾನವಿತ್ತು, ಎಲೆಕಟ್ಟಿಗೆ ಅವನು ಹಾಕುತ್ತಿದ್ದ ಗಂಟಿನ ದೆಸೆಯಿಂದ. ಎಷ್ಟು ಜಗ್ಗಿದರೂ ಜಾರದ, ಒಂದು ತುದಿ ಹಿಡಿದು ಎಳೆದರೆ ಸಲೀಸಾಗಿ ಕಳಚಿಕೊಳ್ಳುವ ಗಂಟು. ಎಲ್ಲಿ ಕಲಿತೆಯಪ್ಪ ಎಂದು ನೇರವಾಗಿಯೇ ಕೇಳಿದರು. ರಾಚಯ್ಯ ಹಲ್ಲು ಬಿಟ್ಟ.

“ನಮ್ಮಪ್ಪಂಗೇ ಬರ್ತಿರ್ನಿಲ್ಲ ಸಾ ಇದು. ಚಾಮಣ್ಣ ಏಳ್ಕೊಟ್ಟಿದ್ದು.”

ಇದೆಲ್ಲ ಯಾರಿಗಾಗಿ ಎಂದರೆ, ತಿರುಮಕೂಡಲು ನರಸೀಪುರದ ಪುಟ್ಟಗೌರಮ್ಮನಿಗಾಗಿ.

ಮೂಗೂರಿನಲ್ಲಿ ಹುಟ್ಟಿದ ಆಕೆಗೆ ಒಬ್ಬನೇ ತಮ್ಮ, ರಾಮಯ್ಯ. ಐವತ್ತೇಳರಲ್ಲಿ ಮನೆ ಬಿಟ್ಟು ಹೋಗಿ ಮಂಜಿಯೊಂದರಲ್ಲಿ ಭಂಡಾರಿಯಾಗಿ ಸೇರಿದ್ದ. ಹಡಗಿನಲ್ಲಿ ಅಡುಗೆಯವನನ್ನು ಹಾಗೆ ಕರೆಯುತ್ತಾರೆ. ಅರವತ್ತೊಂದರಲ್ಲಿ ಮಂಜಿ ಮುಳುಗಿತೆಂದು ಕಾಗದ ಬಂತು. ಹೆಣ ಸಿಗಲಿಲ್ಲ. ಆದರೆ ಈಗ ಹನ್ನೊಂದು ವರ್ಷದಿಂದ ಪ್ರತಿ ಗೌರಿಹಬ್ಬದ ಬೆಳಗ್ಗೆ ಆಕೆಯ ಹೊಸ್ತಿಲ ಮೇಲೆ ಒಂದು ಬಾಗಿನ. ಮೊರದ ತುಂಬ ಬಳೆ, ಬಿಚ್ಚೋಲೆ, ಅರಿಸಿನ ಕುಂಕುಮ, ಅಕ್ಕಿ, ಬೆಲ್ಲ, ಜೊತೆಗೆ ಮುಳ್ಳಿನಿಂದ ಚುಚ್ಚಿದಂಥ ತೂತುಗಳಿದ್ದ ನಾಲ್ಕು ಕಲ್ಲಿನಂಥ ರೊಟ್ಟಿ. ಮೊರಕ್ಕೆ ಬಿಗಿದ ದಾರದಲ್ಲಿ ಅದೇ ಗಂಟು. ಬೀದಿಯಲ್ಲಿ ಹೊಸಬರು ಯಾರನ್ನೂ, ಒಂದು ವರ್ಷವೂ, ಯಾರೂ ನೋಡಿರಲಿಲ್ಲ. ಮೊದಲ ವರ್ಷ ರೊಟ್ಟಿಯನ್ನು ಎಮ್ಮೆಗೆ ಹಾಕಿದೆ, ಅದು ಮೂಸಿ ನೋಡಿ ನನ್ನ ಮುಖ ನೋಡಿತು ಎಂದು ಪುಟ್ಟಗೌರಮ್ಮ ನಕ್ಕುಕೊಂಡು ಹೇಳಿದ್ದರು.

ಆದರೆ ನಾಡಿದ್ದು ಶನಿವಾರ ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆಲ್ಲ ಎಡೆ ಇಡುವ ದಿನ. ತವರಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಇಟ್ಟರೆ ಆಕೆಯೇ ಇಡಬೇಕು. ಮೂವತ್ತೈದು ವರ್ಷ ಇಟ್ಟಿರಲಿಲ್ಲ. ಈ ಸಲ ಮಗ ರವಿಚಂದ್ರ, ನಂಜನಗೂಡಿನ ಹೈಸ್ಕೂಲಿನಲ್ಲಿ ಮೇಷ್ಟ್ರು, ಹಿಡಿದ ಪಟ್ಟು ಬಿಡದೆ ಒಪ್ಪಿಸಿದ್ದ. ಉಸಿರಿರುವ ತಮ್ಮನಿಗೆ ನನ್ನ ಕೈಯಾರ ಸತ್ತವರ ಎಡೆ ಇಡಿಸಬೇಡಿ ಐನೋರೆ, ಅಷ್ಟರೊಳಗೆ ಇದ್ದಾನೋ ಇಲ್ಲವೋ ಹೇಳಿಬಿಡಿ ಎಂದು ಆಕೆ ಕೈ ಮುಗಿದಿದ್ದರು.

ಇದ್ದಾನೆ, ರಸ್ಕು ಬಡಿಯುತ್ತ ಕೂತಿದ್ದಾನೆ ಎಂದು ಸ್ವಾಮಿಗಳು ಮನಸ್ಸಿನಲ್ಲೇ ಅಂದುಕೊಂಡರು. ಬೆಳಗ್ಗೆಯೇ ಹೇಳಿಕಳಿಸಿದ್ದರು. ಹನ್ನೆರಡೂವರೆ ಬಸ್ಸಿಗೆ ಪುಟ್ಟಗೌರಮ್ಮ ಬಂದಿಳಿದರು. ಸೊಸೆ ಮೂಗೂರಿಗೆ ಹೋಗಿದ್ದಳು, ಮಗ ಸ್ಕೂಲಿಗೆ. ಅರವತ್ತನಾಲ್ಕರ ಮುದುಕಿ ಹೊಸ ಸೀರೆ ಉಟ್ಟು, ಒಂದು ಚಿಪ್ಪು ರಸಬಾಳೆ ಹಿಡಿದು, ಹೆಣ್ಣು ನೋಡಲು ಬಂದವರಂತೆ ಮೆಸ್ಸಿನೊಳಗೆ ಕಾಲಿಟ್ಟರು.

ಅಡುಗೆಮನೆಗೂ ಊಟದ ಸಾಲಿಗೂ ನಡುವೆ ಒಂದು ಮೋಟುಗೋಡೆ. ಅದರ ಪಕ್ಕದ ಎಲೆಗೆ ಆಕೆಯನ್ನು ಕೂರಿಸಿದರು. ಮುದ್ದೆ ಬಂತು, ಹುರುಳಿ ಬಸ್ಸಾರು ಬಂತು. ಕೊನೆಗೆ ಚಾಮಯ್ಯನೇ ಮಜ್ಜಿಗೆ ಹಿಡಿದು ಬಂದ. ಪುಟ್ಟಗೌರಮ್ಮ ತಲೆಯೆತ್ತಿ ಅವನನ್ನು ನೋಡಿದರು. ತುಂಬ ಹೊತ್ತು ನೋಡಿದರು. ಮಜ್ಜಿಗೆ ಎಲೆ ದಾಟಿ ಮೇಜಿನ ಮೇಲೆ ಹರಿಯಿತು.

ಅವನು ಒಳಗೆ ಹೋದ ಮೇಲೆ ಆಕೆ ತಲೆ ಆಡಿಸಿದರು.

“ಇವ್ನಲ್ಲ ಐನೋರೆ. ನಮ್ ರಾಮಂಗೆ ಎಡಗಿವಿ ಆಲೆ ಅರ್ದಿತ್ತು, ಕರ ಎಳ್ದು. ಇವನ್ ಕಿವಿ ನೆಟ್ಟಗದೆ.”

ಗಂಗಾಧರಸ್ವಾಮಿಗಳ ಬಾಯಲ್ಲಿದ್ದ ಅನ್ನ ರುಚಿ ಕಳೆದುಕೊಂಡಿತು. ಮೂರು ದಿನದ ಲೆಕ್ಕಾಚಾರ ಒಂದು ಕಿವಿಯಲ್ಲಿ ಹೊರಟುಹೋಗಿತ್ತು. ಆಕೆಯ ಮುಖ ನೋಡಲಾರದೆ ಅವರು ಮೋಟುಗೋಡೆಯಾಚೆ ನೋಡಿದರು.

ಗಿರಾಕಿಗಳೆಲ್ಲ ಎದ್ದು ಹೋಗಿದ್ದರು. ಮೆಸ್ಸಿನವರು ಉಣ್ಣುವ ಹೊತ್ತು. ಚಾಮಯ್ಯ ಮಿಕ್ಕ ಮುದ್ದೆ, ಪಲ್ಯ, ಅನ್ನವನ್ನು ತಟ್ಟೆಗಳಿಗೆ ಹಂಚುತ್ತಿದ್ದ. ಹಂಚಿದ ಮೇಲೆ ಅವನೊಂದು ಆಟ ಆಡುತ್ತಾನೆ ಎಂದು ಮಲ್ಲಾಜಮ್ಮ ಮೊದಲ ದಿನವೇ ಹೇಳಿದ್ದರು. ಅವನು ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು, ರಾಚಯ್ಯ ಒಂದು ತಟ್ಟೆ ತೋರಿಸಿ ಇದು ಯಾರಿಗೆ ಎನ್ನುವುದು, ಅವನು ನೋಡದೆ ಒಂದು ಹೆಸರು ಕರೆಯುವುದು. ನನಗೆ ಕಡಿಮೆ, ಅವಳಿಗೆ ಜಾಸ್ತಿ ಎಂಬ ಜಗಳ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಆಗಿಲ್ಲವಂತೆ.

ಅದು ಆಟವಲ್ಲ ಎಂಬುದು ಸ್ವಾಮಿಗಳಿಗೆ ತಂಡೇಲ ಹೇಳಿ ಗೊತ್ತಿತ್ತು. ಬಿಳಿಯರ ಹಾಯಿಹಡಗಿನಲ್ಲಿ ದುಡಿದ ತಾತಂದಿರಿಂದ ಮಂಜಿಯವರಿಗೆ ಬಂದ ಪದ್ಧತಿ. ಬೆನ್ನು ತಿರುಗಿಸಿದವನು ಎಲ್ಲ ಹೆಸರು ಕರೆದು ಮುಗಿಸುವ ತನಕ ಹಿಂದಿರುಗಿ ನೋಡುವಂತಿಲ್ಲ, ಸುಳ್ಳು ಹೇಳುವಂತಿಲ್ಲ. ಯಾರಾದರೂ ಸತ್ತರೆ ಮಾರನೆಯ ಹೊತ್ತಿನಿಂದ ಅವನ ಹೆಸರು ಕರೆಯುವಂತಿಲ್ಲ. ಕರೆದರೆ ಅವನಿಗೆ ಉಸಿರಿದೆ ಎಂದೇ ಅರ್ಥ. ಮುದುಕ ಇನ್ನೊಂದು ಮಾತೂ ಹೇಳಿದ್ದ. ಪ್ರತಿಯೊಬ್ಬನಿಗೂ ತನ್ನದೇ ಒಂದು ಚೌಕದ ಮರದ ತಟ್ಟೆ ಇರುತ್ತಿತ್ತು. ಒಂದು ಹಡಗು ಬಿಟ್ಟು ಇನ್ನೊಂದು ಕಡೆ ಊಟಕ್ಕೆ ಸೇರಿಕೊಳ್ಳುವವನು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳುತ್ತಿದ್ದದ್ದು ಆ ತಟ್ಟೆಯನ್ನು.

ಸ್ವಾಮಿಗಳು ಸುಮ್ಮನೆ ಎಣಿಸಿದರು. ಚಾಮಯ್ಯ, ರಾಚಯ್ಯ, ರುಬ್ಬುವ ಸಣ್ಣತಾಯಮ್ಮ, ಪಾತ್ರೆ ತೊಳೆಯುವ ಗೋವಿಂದಮ್ಮ. ನಾಲ್ಕು ಜನ.

ತಟ್ಟೆ ಐದು.

ಮೂರು ದಿನದಿಂದ ಆ ಐದನೆಯದು ಮಲ್ಲಾಜಮ್ಮನದು ಎಂದುಕೊಂಡಿದ್ದರು. ಈಗ ಗಲ್ಲಾದ ಹತ್ತಿರ ಹೋಗಿ ಕೇಳಿದರು. ಮಲ್ಲಾಜಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು.

“ನೀವೂ ಲಿಂಗ ಕಟ್ಟಿದೋರು, ನಾನೂ ಕಟ್ಟಿದೋಳು. ಮನೇಗೋಗಿ ಪೂಜೆ ಆಗ್ದೆ ನಾನು ತುತ್ತು ಎತ್ತೀನಾ? ಪೋಲೀಸ್ನೋರು ಆಗಿ ಇಷ್ಟೂ ಗೊತ್ತಾಗ್ನಿಲ್ವಾ ನಿಮ್ಗೆ?”

ಹಾಗಾದರೆ ಆ ತಟ್ಟೆ ಯಾರದು? ಅದು ಕ್ಯಾರಿಯರಿಗೆ ಹೋಗುತ್ತದೆ, ಎರಡು ಗಂಟೆಗೆ ಯಾರೋ ಬಂದು ಒಯ್ಯುತ್ತಾರೆ, ಆ ಹೊತ್ತಿಗೆ ತಾನು ಪೂಜೆಗೆ ಮನೆಗೆ ಹೋಗಿರುತ್ತೇನೆ ಎಂದರು ಆಕೆ. ಯಾರಿಗೆ ಎಂದು ಒಂದು ದಿನವೂ ಕೇಳಿಲ್ಲ. ಅನ್ನ ಯಾವ ಕಡೆ ಹೋಯಿತು ಎಂದು ಬೆನ್ನು ಹತ್ತಿ ಕೇಳುವುದು ಶಿವ ಮೆಚ್ಚುವ ಕೆಲಸವಲ್ಲ.

ಒಂದೂ ಮುಕ್ಕಾಲು.

ಗಂಗಾಧರಸ್ವಾಮಿಗಳು ಕೈ ತೊಳೆದು, ಚಪ್ಪಲಿ ಬಿಟ್ಟು ಅಡುಗೆಮನೆಯ ಒಳಗೆ ಕಾಲಿಟ್ಟರು. ಚಾಮಯ್ಯ ಆಗಲೇ ಗೋಡೆಗೆ ಮುಖ ಮಾಡಿ ನಿಂತಿದ್ದ. ರಾಚಯ್ಯ ತಟ್ಟೆಯ ಮೇಲೆ ಬೆರಳಿಟ್ಟು ಕೇಳುತ್ತಿದ್ದ.

“ಇದ್ಯಾರ್ಗೆ?”

“ಗೋವಿಂದಮ್ಮಂಗೆ.”

“ಇದ್ಯಾರ್ಗೆ?”

“ನಿಂಗೇ ಕಣ್ಲಾ, ತಿನ್ನು.”

ಸಣ್ಣತಾಯಮ್ಮನ ಹೆಸರು ಬಂತು. ಚಾಮಯ್ಯ ತನ್ನ ಹೆಸರನ್ನೂ ತಾನೇ ಕರೆದುಕೊಂಡ. ಸ್ವಾಮಿಗಳು ರಾಚಯ್ಯನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿ, ಐದನೆಯ ತಟ್ಟೆಯ ಅಂಚಿಗೆ ತಮ್ಮ ಬೆರಳಿಟ್ಟರು. ಅದರಲ್ಲಿ ಎಲ್ಲರಿಗಿಂತ ಮೆತ್ತಗಿನ ಮುದ್ದೆ ಇತ್ತು, ಹಲ್ಲಿಲ್ಲದವರಿಗೆ ಮಾಡಿದಂಥದ್ದು.

“ಇದು ಯಾರಿಗೆ?”

ಚಾಮಯ್ಯನ ಬೆನ್ನು ಬಿಗಿಯಿತು. ದನಿ ಬೇರೆ ಎಂದು ಅವನಿಗೆ ಗೊತ್ತಾಗಿತ್ತು.

“ಅದಿರ್ಲಿ.”

“ಮಂಜಿಯಲ್ಲಿ ಅದಿರ್ಲಿ ಅನ್ನೋ ಹೆಸರಿನವನು ಯಾರೂ ಇರಲಿಲ್ಲವಂತಲ್ಲ, ಚಾಮಯ್ಯ. ಇದು ಯಾರಿಗೆ?”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಗೋವಿಂದಮ್ಮ ಸೆರಗನ್ನು ಬಾಯಿಗೆ ಹಿಡಿದಳು. ಅವನು ತಿರುಗಿ ಏನಾದರೂ ಒಂದು ಹೇಳಿ ನಗಬಹುದಿತ್ತು, ಸ್ವಾಮಿಗಳೂ ನಕ್ಕು ಹೊರಗೆ ಬರಬೇಕಾಗುತ್ತಿತ್ತು. ಅವನು ತಿರುಗಲಿಲ್ಲ. ಹೆಸರು ಬಾಕಿ ಇರುವಾಗ ತಿರುಗುವುದು ಆ ಕಾಲುಗಳಿಗೆ ಬರುತ್ತಿರಲಿಲ್ಲ.

“ಐನೋರೆ, ಆಮೇಲ್ ಕೇಳಿ, ಏನ್ ಬೇಕಾದ್ರೂ ಕೇಳಿ. ಬೆನ್ ತಿರುಗ್ಸಿದ್ದಾಗ ಕೇಳ್ಬೇಡಿ.”

“ಆಮೇಲೆ ಕೇಳಿದರೆ ನೀನು ಮೈಸೂರು ದಾಟಿಲ್ಲ ಅಂತೀಯ. ಅದಕ್ಕೇ ಈಗ ಕೇಳ್ತಿದೀನಿ. ನಾಡಿದ್ದು ಒಬ್ಬ ತಾಯಿ ತಮ್ಮನಿಗೆ ಎಡೆ ಇಡೋಕೆ ಹೊರಟಿದ್ದಾಳೆ. ಇಡಬಹುದಾ, ಬಾರದಾ, ಅಷ್ಟು ತಿಳಿದರೆ ಸಾಕು. ಇದು ಯಾರಿಗೆ?”

ಚಾಮಯ್ಯ ಗೋಡೆಗೆ ಹಣೆ ಹಚ್ಚಿದ. ಗೋಡೆಗೇ ಹೇಳುವಂತೆ ಹೇಳಿದ.

“ರಾಮಯ್ಯಂಗೆ.”

ಮೋಟುಗೋಡೆಯ ಆಚೆ ಲೋಟ ಉರುಳಿದ ಸದ್ದಾಯಿತು. ಪುಟ್ಟಗೌರಮ್ಮ ಎಂಜಲು ಕೈಯಲ್ಲೇ ಎದ್ದು ನಿಂತಿದ್ದರು.

“ಅಂಗಾದ್ರೆ ಅವ್ನೆ.”

ಚಾಮಯ್ಯ ಈಗ ತಿರುಗಿದ. ಹೆಸರುಗಳೆಲ್ಲ ಮುಗಿದಿದ್ದವು. ಅವನ ಕಣ್ಣಲ್ಲಿ ನೀರಿತ್ತು; ಬಾಯಿ ಮಾತ್ರ ತಡೆಯಲಾರದೆ ನಗುತ್ತಿತ್ತು, ಮೂವತ್ತು ವರ್ಷದ ಮೂಟೆಯನ್ನು ಹೆಗಲಿಂದ ಇಳಿಸಿದವನ ಹಾಗೆ.

“ಅವ್ನೆ ಕಣಕ್ಕ. ಸತ್ತೋರ್ ಹೆಸ್ರ ನಾವು ಕರೆಯಾಕಿಲ್ಲ.”

ಮುದುಕಿ ಬೆಂಚಿನ ಮೇಲೆ ಕೂತು ಅತ್ತರು, ನಕ್ಕರು, ಮತ್ತೆ ಅತ್ತರು. ಮಲ್ಲಾಜಮ್ಮ ಪೂಜೆಯ ಹೊತ್ತನ್ನು ಮರೆತು ಆಕೆಯ ಬೆನ್ನು ಸವರುತ್ತ ಪಕ್ಕದಲ್ಲಿ ಕೂತರು. ಸ್ವಾಮಿಗಳ ಕೈ ತಾನಾಗಿ ಎದೆಯ ಮೇಲಿನ ಲಿಂಗವನ್ನು ಮುಟ್ಟಿತು.

ಚಾಮಯ್ಯ ತುಂಡು ತುಂಡಾಗಿ ಹೇಳಿದ. ಮಂಜಿ ಮುಳುಗಿದ ದಿನ ಇವರಿಬ್ಬರೂ ಒಂದೇ ಹಲಗೆ ಹಿಡಿದು ದಡ ಸೇರಿದ್ದರು. ಎಷ್ಟೋ ಬಂದರು ಸುತ್ತಿ, ಕೊನೆಗೆ ಒಟ್ಟಿಗೇ ಈ ಊರಿಗೆ ಬಂದಿದ್ದರು. ರಾಮಯ್ಯ ಈಗ ಹೊಳೆಯಾಚೆ ಹರಿಗೋಲು ಹೆಣೆಯುವವರ ಗುಡಿಸಲ ಸಾಲಿನಲ್ಲಿದ್ದ. ಅಕ್ಕನ ಮನೆ ಒಂದು ಬಸ್ಸಿನ ದಾರಿ. ಆದರೂ ಹೋಗಲಿಲ್ಲ.

“ಯಾಕಂತೆ?” ಎಂದರು ಪುಟ್ಟಗೌರಮ್ಮ.

ಅಂದು ಅಕ್ಕ ಬಡಿಸಿದ ಎಲೆಯನ್ನು ತಳ್ಳಿ ಎದ್ದು ರಾಮಯ್ಯ ಮನೆ ಬಿಟ್ಟಿದ್ದನಂತೆ. ಅನ್ನಕ್ಕೆ ಬೆನ್ನು ಮಾಡಿದವನು ಯಾವ ಮುಖ ಹೊತ್ತು ಆ ಹೊಸ್ತಿಲು ತುಳಿಯಲಿ ಎಂದು ಕೂತುಬಿಟ್ಟಿದ್ದನಂತೆ. ಮೊದಮೊದಲು ನಾಚಿಕೆ, ಆಮೇಲೆ ವರ್ಷಗಳೇ ಅಡ್ಡ ಬಂದವು.

ಪುಟ್ಟಗೌರಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡರು.

“ಅವ್ನ್ ತಪ್ಪೇನದೆ ಅದ್ರಲ್ಲಿ? ಸಾರ್ಗೆ ಎಲ್ಡ್ ಸಲ ಉಪ್ಪಾಕ್ಬುಟ್ಟಿದ್ದೆ ನಾನು. ನಾಯೀನೂ ಮುಟ್ನಿಲ್ಲ.”

“ಉಪ್ಪು ಜಾಸ್ತಿ ಅಂತ ಎದ್ದೋಗಿ ಉಪ್ಪುನೀರ್ಗೇ ಬಿದ್ನಲ್ಲಕ್ಕ,” ಎಂದ ಚಾಮಯ್ಯ. ಗೋವಿಂದಮ್ಮ ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಅಡುಗೆಮನೆ ಮದುವೆಯ ಮನೆಯಾಯಿತು.

ಆ ನಗುವಿನ ನಡುವೆ ಹಿಂದಿನ ಬಾಗಿಲು ತೆರೆಯಿತು. ಎರಡು ಗಂಟೆ. ಕ್ಯಾರಿಯರಿನವನು ಬಂದಿದ್ದ.

ಬಾಗಿಲಲ್ಲಿ ನಿಂತಿದ್ದವನು ರವಿಚಂದ್ರ, ಪುಟ್ಟಗೌರಮ್ಮನ ಮಗ.

ನಗು ನಿಂತಿತು. ಹನ್ನೊಂದು ವರ್ಷ ಬೀದಿಯವರು ಹೊಸಬರನ್ನು ಯಾಕೆ ನೋಡಲಿಲ್ಲ ಎಂಬುದು ಗಂಗಾಧರಸ್ವಾಮಿಗಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಹೊಸಬರು ಯಾರೂ ಬಂದೇ ಇರಲಿಲ್ಲ. ತಮ್ಮ ಕಟ್ಟಿಕೊಟ್ಟ ಬಾಗಿನ ಮನೆಯ ಒಳಗಿಂದಲೇ ಹೊಸ್ತಿಲಿಗೆ ಬರುತ್ತಿತ್ತು.

ರವಿಚಂದ್ರ ತಾಯಿಯನ್ನು ನೋಡಿ ಬಿಳಿಚಿಕೊಂಡ. ತಪ್ಪಿಸಿಕೊಳ್ಳಲು ನೋಡಲಿಲ್ಲ. ಈ ಊರಿಗೆ ವರ್ಗವಾಗಿ ಬಂದ ವರ್ಷ ಇದೇ ಮೆಸ್ಸಿನಲ್ಲಿ ಮಾವನ ಗುರುತು ಹತ್ತಿತ್ತು. ಅಕ್ಕನಿಗೆ ಹೇಳಕೂಡದು ಎಂದು ಮಾವ ಅನ್ನದ ಮೇಲೆ ಕೈ ಇಡಿಸಿ ಆಣೆ ಮಾಡಿಸಿಕೊಂಡಿದ್ದ. ಆ ಆಣೆ ಮೀರದೆ ಮಾವನನ್ನು ಎಬ್ಬಿಸಲು ಅವನಿಗೆ ತೋಚಿದ್ದು ಒಂದೇ ದಾರಿ.

“ಶನಿವಾರ ನಿಮ್ಗೆ ಎಡೆ ಇಡ್ತೀವಿ, ಆಮೇಲೆ ನೀವು ನಮ್ ಪಾಲಿಗೆ ಸತ್ತಂಗೆ ಅಂತ ನೆನ್ನೆ ಊಟ ಕೊಡೋವಾಗ ಹೇಳ್ಬಿಟ್ಟೆ ಅವ್ವ. ಹಂಗಾದ್ರೂ ಎದ್ದು ಬರ್ಲಿ ಅಂತ.”

ಅವನ ಕೈಯಲ್ಲಿದ್ದ ಕ್ಯಾರಿಯರ್ ಭಾರವಾಗಿ ತೂಗುತ್ತಿತ್ತು. ಸ್ವಾಮಿಗಳು ಅದನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿದರು. ನಿನ್ನೆಯ ಊಟ ಇಟ್ಟದ್ದು ಇಟ್ಟ ಹಾಗೇ ಇತ್ತು.

“ಈಗ ಗುಡಿಸ್ಲಿಂದಾನೇ ಬರ್ತಿದೀನಿ. ಬಾಗ್ಲು ತೆಗ್ದಿದೆ. ಮಾವ ಇಲ್ಲ. ಬೆಳಗ್ಗೆಯಿಂದ್ಲೇ ಇಲ್ವಂತೆ.” ಅವನು ತಾಯಿಯಿಂದ ಮುಖ ತಿರುಗಿಸಿದ. “ಹೊಳೆ ತುಂಬಿ ಹರೀತಿದೆ ಐನೋರೆ.”

ಗಂಗಾಧರಸ್ವಾಮಿಗಳು ಕಣ್ಣು ಮುಚ್ಚಿದರು. ಬಂದರಿನ ಆ ಮಧ್ಯಾಹ್ನ, ಬೀಡಿಯ ಹೊಗೆ, ಮುದುಕನ ಮಾತು ಒಂದೊಂದಾಗಿ ನೆನಪಿಗೆ ಬಂದವು. ಕಣ್ಣು ತೆರೆದು ಒಂದೇ ಪ್ರಶ್ನೆ ಕೇಳಿದರು.

“ಅವರದೊಂದು ಮರದ ತಟ್ಟೆ ಇರಬೇಕಲ್ಲ ಮೇಷ್ಟ್ರೇ. ಚೌಕದ್ದು. ಅದು ಇತ್ತಾ?”

ರವಿಚಂದ್ರ ಯೋಚಿಸಿದ. ಗೋಡೆಯ ಗೂಟಕ್ಕೆ ಯಾವಾಗಲೂ ನೇತು ಹಾಕಿರುತ್ತಿದ್ದ ತಟ್ಟೆ. ಗೂಟ ಖಾಲಿ ಇತ್ತು.

ಚಾಮಯ್ಯ ಎರಡೂ ಕೈಯಿಂದ ಮೇಜು ತಟ್ಟಿದ. “ತಟ್ಟೆ ಎತ್ಕೊಂಡ್ ಓದೋನು ಹೊಳೆಗ್ ಯಾಕ್ ಓದಾನು? ಊಟಕ್ ಓಗವ್ನೆ.”

“ಎಲ್ಲಿಗೆ?” ಎಂದ ರಾಚಯ್ಯ.

ಎಲ್ಲರ ಕಣ್ಣೂ ಪುಟ್ಟಗೌರಮ್ಮನ ಕಡೆ ತಿರುಗಿತು. ಬೆಳಗಿನಿಂದ ಈ ಹೊತ್ತಿನವರೆಗೆ ನರಸೀಪುರಕ್ಕೆ ಎಷ್ಟು ಬಸ್ಸು ಹೋಗಿದ್ದವೋ; ಅದರಲ್ಲಿ ಒಂದು ಬಸ್ಸು, ಆಕೆಯನ್ನು ಇಲ್ಲಿಗೆ ತಂದ ಬಸ್ಸಿಗೆ ದಾರಿಯಲ್ಲಿ ಎದುರಾಗಿ ದಾಟಿಯೂ ಹೋಗಿತ್ತೋ ಏನೋ.

ಮುದುಕಿಯ ಮುಖ ಗೌರಿಯ ಮುಖದಂತೆ ಬೆಳಗಿತು. ಮರುಗಳಿಗೆಯಲ್ಲೇ ಆಕೆಯ ಕೈ ಸೊಂಟದ ಕಡೆ ಹೋಯಿತು. ಅಲ್ಲಿದ್ದದ್ದನ್ನು ಬಿಗಿಯಾಗಿ ಹಿಡಿದುಕೊಂಡು, ಒಮ್ಮೆ ಎಲೆ ತಳ್ಳಿ ಎದ್ದು ಹೋದ ತಮ್ಮ ಇನ್ನೆಷ್ಟು ಹೊತ್ತು ನಿಂತಾನು ಎಂಬಂತೆ ಬಾಗಿಲ ಕಡೆ ನೋಡಿದರು.

“ಮನೆಗೆ ಬೀಗ ಆಕ್ಕಂಡ್ ಬಂದ್ಬುಟ್ಟಿದೀನಿ ಐನೋರೆ.”